ಕೋರ್ಟು ಮೆಟ್ಟಿಲೇರುವ ಮುನ್ನ ಕಾಗದಪತ್ರ ಕೈಗೆ ಬರಲಿ

ಕಟ್ಟಡದ ತಕರಾರುಗಳ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಡೆ ಬಂದು ನಿಲ್ಲುತ್ತವೆ. ಬಿರುಕು ಬಿಟ್ಟ ಗೋಡೆ ಮನೆಯವರ ಕಣ್ಣೆದುರಿಗಿದೆ. ಆ ಗೋಡೆ ಹೇಗೆ ಕಟ್ಟಿದ್ದು ಎಂದು ಹೇಳುವ ಕಾಗದ ಮಾತ್ರ ಕಟ್ಟಿದವರ ಕಪಾಟಿನಲ್ಲಿದೆ. ಕಾಗದವಿಲ್ಲದೆ ದಾವೆ ಹೂಡಿದರೆ ಸೋಲುವ ಭಯ, ಹೂಡದಿದ್ದರೆ ಕಾಗದ ಸಿಗುವುದಿಲ್ಲ. ಈ ಬಾರಿ ಇಂಥ ಐದು ಪತ್ರಗಳನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ 96 ಮನೆಗಳಿವೆ. 2022ರ ಕೊನೆಗೆ ಮನೆಗಳನ್ನು ನಮ್ಮ ವಶಕ್ಕೆ ಕೊಟ್ಟರು. ಮಳೆಗಾಲ ಬಂದರೆ ಬೇಸ್‌ಮೆಂಟಿನ ಗೋಡೆಯಿಂದ ನೀರು ಜಿನುಗುತ್ತದೆ, ಎರಡು ಪಿಲ್ಲರುಗಳಲ್ಲಿ ಬಿರುಕು ಕಾಣಿಸಿದೆ. ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿದರೆ ಬಿಲ್ಡರ್ ‘ಕೋರ್ಟಿಗೆ ಹೋಗಿ, ಅಲ್ಲೇ ಕೊಡುತ್ತೇವೆ’ ಎನ್ನುತ್ತಾರೆ. ಕೇಸು ಹಾಕುವ ಮೊದಲೇ ದಾಖಲೆ ಕೊಡಿಸುವಂತೆ ಕೋರ್ಟಿನಿಂದ ಆದೇಶ ತರಬಹುದೇ?
— ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಸಿವಿಲ್ ಕೋರ್ಟಿನಿಂದ ಅಂಥ ಆದೇಶವನ್ನು ನಿರೀಕ್ಷಿಸಬೇಡಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಎದುರು ಪಕ್ಷದ ದಾಖಲೆ ತರಿಸುವ ಅವಕಾಶ ಆರ್ಡರ್ 11ರಲ್ಲಿದೆ. ಆದರೆ ಅದು ದಾವೆ ದಾಖಲಾದ ಮೇಲಿನ ಮಾತು. ದಾವೆಗೆ ಮೊದಲೇ ಕಾಗದ ಕೊಡಿಸುವ ಸಾಮಾನ್ಯ ನಿಯಮ ನಮ್ಮ ಸಂಹಿತೆಯಲ್ಲಿಲ್ಲ.

ನಿಮ್ಮ ವಿಷಯದಲ್ಲಿ ಅದರ ಅಗತ್ಯವೂ ಇಲ್ಲ. ನಕ್ಷೆ, ದಾಖಲೆಗಳನ್ನು ಪಡೆಯುವ ಹಕ್ಕನ್ನು 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾ, ನಿಮಗೆ ನೇರವಾಗಿ ಕೊಟ್ಟಿದೆ. ಮಂಜೂರಾದ ನಕ್ಷೆ ಮತ್ತು ಸ್ಪೆಸಿಫಿಕೇಶನ್‌ಗಳ ಮಾಹಿತಿ ಪಡೆಯುವ ಹಕ್ಕು 19(1)ನೇ ಕಲಮಿನಲ್ಲಿದೆ. ಮನೆ ವಶಕ್ಕೆ ಬಂದ ಮೇಲೆ ಅಗತ್ಯ ದಾಖಲೆ ಮತ್ತು ನಕ್ಷೆಗಳನ್ನು, ಸಾಮಾನ್ಯ ಪ್ರದೇಶಗಳದ್ದೂ ಸೇರಿ, ಪಡೆಯುವ ಹಕ್ಕು 19(5)ರಲ್ಲಿದೆ. ಅವನ್ನು ಸಂಘಕ್ಕೆ ಹಸ್ತಾಂತರಿಸುವ ಹೊಣೆಯನ್ನು 17(2)ನೇ ಕಲಮು ಬಿಲ್ಡರ್ ಮೇಲೆ ಹೊರಿಸುತ್ತದೆ. ಬೇಸ್‌ಮೆಂಟ್ ಸಾಮಾನ್ಯ ಪ್ರದೇಶ, ಹಾಗಾಗಿ ಕೇಳುವ ಅಧಿಕಾರ ನಿಮ್ಮ ಸಂಘಕ್ಕಿದೆ. ಬಿಲ್ಡರ್ ಕೊಡದಿದ್ದರೆ 31ನೇ ಕಲಮಿನ ಅಡಿ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಕೊಡಿ. ದಾಖಲೆ, ಲೆಕ್ಕಪುಸ್ತಕಗಳನ್ನು ತರಿಸಿಕೊಳ್ಳುವ ವಿಷಯದಲ್ಲಿ ಪ್ರಾಧಿಕಾರಕ್ಕೆ ಸಿವಿಲ್ ಕೋರ್ಟಿಗಿರುವಷ್ಟೇ ಅಧಿಕಾರವನ್ನು 35(2)ನೇ ಕಲಮು ಕೊಟ್ಟಿದೆ. ಪ್ರಾಧಿಕಾರದ ಆದೇಶ ಪಾಲಿಸದವರಿಗೆ ದಿನಲೆಕ್ಕದ ದಂಡವಿದೆ. ಅದು ಯೋಜನೆಯ ಅಂದಾಜು ವೆಚ್ಚದ ಶೇ 5ರವರೆಗೂ ಏರಬಹುದು.

ಆದರೆ ‘ಎಲ್ಲ ದಾಖಲೆ ಕೊಡಿ’ ಎಂದು ಬರೆಯಬೇಡಿ. ನಿಮ್ಮ ದೋಷಕ್ಕೆ ಸಂಬಂಧಿಸಿದ್ದನ್ನು ಹೆಸರು ಹಿಡಿದು ಕೇಳಿ. ಬೇಸ್‌ಮೆಂಟಿನ ರಿಟೇನಿಂಗ್ ಗೋಡೆಯ ಕಬ್ಬಿಣದ ವಿವರವಿರುವ ಡ್ರಾಯಿಂಗ್, ಮಣ್ಣು ಪರೀಕ್ಷೆಯ ವರದಿ, ವಾಟರ್‌ಪ್ರೂಫಿಂಗ್ ಮಾಡಿದವರ ಗ್ಯಾರಂಟಿ ಪತ್ರ, ಆ ಎರಡು ಪಿಲ್ಲರುಗಳ ಕ್ಯೂಬ್ ಪರೀಕ್ಷೆಯ ವರದಿ. ಈ ಕೊನೆಯದು ಬಹಳ ಮುಖ್ಯ. ಕಾಂಕ್ರೀಟ್ ಹಾಕುವ ದಿನವೇ ಅದರಿಂದ 150 ಮಿಲಿಮೀಟರ್ ಅಳತೆಯ ಕ್ಯೂಬುಗಳನ್ನು ಎರಕ ಹೊಯ್ದು, ನೀರಿನಲ್ಲಿ ನೆನೆಹಾಕಿ, 28 ದಿನ ತುಂಬಿದ ಮೇಲೆ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಡ್ರಾಯಿಂಗಿನಲ್ಲಿ ಕಾಂಕ್ರೀಟಿನ ಬಲ ಎಂ25 ಎಂದಿದ್ದು ಕ್ಯೂಬು 18ಕ್ಕೇ ಒಡೆದಿದ್ದರೆ, ಆ ಪಿಲ್ಲರಿನ ಕಥೆ ಒಂದು ಹಾಳೆಯಲ್ಲೇ ಮುಗಿಯಿತು. ವರದಿಯೇ ಇಲ್ಲ ಎಂದು ಬಿಲ್ಡರ್ ಬರೆದುಕೊಟ್ಟರೆ ಅದೂ ನಿಮಗೆ ಉಪಯೋಗದ ಉತ್ತರವೇ.

ಬಿಲ್ಡರನ್ನು ಕೇಳದೆಯೂ ಸಿಗುವ ಕಾಗದಗಳಿವೆ. ನೋಂದಾಯಿತ ಯೋಜನೆಯ ನಕ್ಷೆ ಮತ್ತು ತ್ರೈಮಾಸಿಕ ವಿವರಗಳನ್ನು ರೇರಾ ಜಾಲತಾಣದಲ್ಲಿ ನೋಡಿ. ಪಾಲಿಕೆಯ ಕಡತದಲ್ಲಿರುವ ಮಂಜೂರಾತಿ ನಕ್ಷೆ ಮತ್ತು ಓಸಿ (ಸ್ವಾಧೀನಾನುಭವ ಪತ್ರ), ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಇವಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ಒಂದು ಎಚ್ಚರಿಕೆ. ಕಟ್ಟಡದ ದೋಷಗಳನ್ನು ಉಚಿತವಾಗಿ ಸರಿಪಡಿಸಬೇಕಾದ ಬಿಲ್ಡರ್ ಹೊಣೆ 14(3)ನೇ ಕಲಮಿನ ಪ್ರಕಾರ ವಶ ಕೊಟ್ಟ ದಿನದಿಂದ 5 ವರ್ಷ. ನಿಮಗದು 2027ರ ಕೊನೆಗೆ ಮುಗಿಯುತ್ತದೆ. ದೋಷವನ್ನು ಅದಕ್ಕೆ ಮೊದಲೇ ಬರವಣಿಗೆಯಲ್ಲಿ ಬಿಲ್ಡರ್ ಗಮನಕ್ಕೆ ತಂದಿರಬೇಕು. ಡ್ರಾಯಿಂಗ್ ಬರಲಿ ಎಂದು ಆ ಪತ್ರವನ್ನು ತಡೆಹಿಡಿಯಬೇಡಿ.

ಪ್ರಶ್ನೆ: ಹಾಸನದವನು, ಈಗ ಇಂಗ್ಲೆಂಡಿನ ಲೀಡ್ಸ್ ಬಳಿ ಇದ್ದೇನೆ. 2014ರಲ್ಲಿ ಕಟ್ಟಿ ಮುಗಿಸಿದ ಹೊಸ ಮನೆ ಕೊಂಡೆ. ಹತ್ತು ವರ್ಷದ ವಾರಂಟಿ ಮುಗಿದಿದೆ. ಹೊರಗೋಡೆಯಿಂದ ತೇವ ಒಳಗೆ ಇಳಿದು ಎರಡು ಕೋಣೆಗಳು ವಾಸಕ್ಕೆ ಯೋಗ್ಯವಾಗಿಲ್ಲ. ಕಟ್ಟಿದ ಕಂಪನಿ ತನ್ನ ತಪಾಸಣೆ ದಾಖಲೆಗಳನ್ನು ‘ಆಂತರಿಕ’ ಎಂದು ಕೊಡುತ್ತಿಲ್ಲ. ದಾವೆಗೆ ಮೊದಲೇ ಅವನ್ನು ಕೊಡಿಸಲು ಕೋರ್ಟಿಗೆ ಅರ್ಜಿ ಹಾಕಬಹುದು, ಆದರೆ ಖರ್ಚಿದೆ ಎಂದು ಸಾಲಿಸಿಟರ್ ಹೇಳಿದ್ದಾರೆ. ಹಾಕಲೇ?
— ಓದುಗರು, ಲೀಡ್ಸ್

ಉತ್ತರ: ಬೆಂಗಳೂರಿನವರು ಕೇಳಿದ ಆದೇಶ ನೀವಿರುವ ಕಡೆ ನಿಜಕ್ಕೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಿವಿಲ್ ಪ್ರೊಸೀಜರ್ ರೂಲ್ಸ್‌ನ 31.16ನೇ ನಿಯಮ ಅದು. ಮೊದಲು ಈ ಅಧಿಕಾರ ದೇಹಕ್ಕೆ ಪೆಟ್ಟಾದ ಮತ್ತು ಸಾವಿನ ಪ್ರಕರಣಗಳಿಗಷ್ಟೇ ಇತ್ತು. ಸಿವಿಲ್ ನ್ಯಾಯ ಸುಧಾರಣೆಯ ಬಗ್ಗೆ ಲಾರ್ಡ್ ವೂಲ್ಫ್ ಕೊಟ್ಟ 1996ರ ವರದಿಯ ನಂತರ, 1999ರ ಏಪ್ರಿಲ್ 26ರಂದು ಹೊಸ ನಿಯಮಗಳು ಜಾರಿಯಾದಾಗ, ಎಲ್ಲ ಬಗೆಯ ಸಿವಿಲ್ ವ್ಯಾಜ್ಯಗಳಿಗೂ ವಿಸ್ತರಿಸಿತು.

ಆದೇಶ ಸಿಗಬೇಕಾದರೆ ನಾಲ್ಕು ಅಂಶ ಕೂಡಿಬರಬೇಕು. ಮುಂದೆ ದಾವೆ ನಡೆದರೆ ನೀವು ಅದರ ಕಕ್ಷಿದಾರರಾಗುವ ಸಂಭವವಿರಬೇಕು, ಕಂಪನಿಯೂ ಆಗುವ ಸಂಭವವಿರಬೇಕು. ದಾವೆ ಶುರುವಾಗಿದ್ದಿದ್ದರೆ ಆ ದಾಖಲೆಗಳನ್ನು ಕಂಪನಿ ಹೇಗೂ ತೋರಿಸಬೇಕಾಗಿತ್ತು ಎನ್ನುವಂತಿರಬೇಕು. ಕೊನೆಯದಾಗಿ, ಈಗಲೇ ತೋರಿಸುವುದರಿಂದ ವ್ಯಾಜ್ಯ ನ್ಯಾಯವಾಗಿ ತೀರಲು, ಅಥವಾ ಕೋರ್ಟಿಗೆ ಹೋಗದೆ ಬಗೆಹರಿಯಲು, ಅಥವಾ ಖರ್ಚು ಉಳಿಯಲು ಸಹಾಯವಾಗಬೇಕು. ಮೊದಲ ಮೂರು ನಿಮಗೆ ಕಷ್ಟವಾಗಲಾರವು. ಇಂಥ ಅರ್ಜಿಗಳ ಹಣೆಬರಹ ತೀರ್ಮಾನವಾಗುವುದು ನಾಲ್ಕನೆಯದರಲ್ಲಿ. ಅದು ದಾಟಿದ ಮೇಲೂ ಆದೇಶ ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ.

ಆ ವಿವೇಚನೆ ಹೇಗೆ ಓಡುತ್ತದೆ ಎಂಬುದಕ್ಕೆ 2001ರ ಬ್ಲ್ಯಾಕ್ ವಿರುದ್ಧ ಸುಮಿಟೊಮೊ ತೀರ್ಪನ್ನು ಇಂದಿಗೂ ನೋಡುತ್ತಾರೆ. ಅದು ತಾಮ್ರದ ಮಾರುಕಟ್ಟೆಯ ಜಗಳ, ಕಟ್ಟಡದ್ದಲ್ಲ. ಆದರೆ ಲಾರ್ಡ್ ಜಸ್ಟಿಸ್ ರಿಕ್ಸ್ ಅಲ್ಲಿ ಹೇಳಿದ ಸೂತ್ರದ ಸಾರ ನಿಮಗೂ ಅನ್ವಯಿಸುತ್ತದೆ. ಆರೋಪ ಖಚಿತವಾಗಿದ್ದು, ಕೇಳುವ ದಾಖಲೆ ಕಡಿಮೆಯಿದ್ದಷ್ಟೂ ಆದೇಶ ಸುಲಭ. ಆರೋಪ ಮಸುಕಾಗಿದ್ದು, ಕಡತಗಟ್ಟಲೆ ಕೇಳಿದಷ್ಟೂ ಕೋರ್ಟು ಸಂಶಯಪಡುತ್ತದೆ. ಆ ಪ್ರಕರಣದಲ್ಲಿ ವಿಶಾಲವಾಗಿ ಕೇಳಿದವರಿಗೆ ಕೊನೆಗೆ ದಾಖಲೆ ಸಿಗಲಿಲ್ಲ.

ಆದ್ದರಿಂದ ಮೊದಲು ಒಬ್ಬ ಸರ್ವೇಯರಿಂದ ಗೋಡೆಯನ್ನು ಒಂದೆರಡು ಕಡೆ ತೆರೆಸಿ ನೋಡಿ. ಎರಡು ಪದರದ ಗೋಡೆಯ ನಡುವೆ ನೀರನ್ನು ಹೊರಕ್ಕೆ ತಿರುಗಿಸಲು ಕಿಟಕಿಯ ಮೇಲ್ಭಾಗದಲ್ಲಿ ಕ್ಯಾವಿಟಿ ಟ್ರೇ ಇರಬೇಕು. ಅದು ಇಲ್ಲ ಎಂದು ಸರ್ವೇಯರ್ ಬರೆದುಕೊಟ್ಟರೆ ನಿಮ್ಮ ಬೇಡಿಕೆ ಖಚಿತವಾಗುತ್ತದೆ: ನನ್ನ ಪ್ಲಾಟಿನ ಹೊರಗೋಡೆಯ ವಿನ್ಯಾಸ ಡ್ರಾಯಿಂಗ್, ಆ ಗೋಡೆ ಕಟ್ಟಿದ ವಾರಗಳ ಸೈಟ್ ಡೈರಿ, ಆ ಹಂತದ ತಪಾಸಣೆ ಹಾಳೆ ಮತ್ತು ಫೋಟೊಗಳು. ಇಷ್ಟೇ ಸಾಕು.

ಇನ್ನು ಖರ್ಚು. ಅರ್ಜಿಯಲ್ಲಿ ನೀವು ಗೆದ್ದರೂ, ಎದುರು ಪಕ್ಷದ ಅರ್ಜಿ ಖರ್ಚು ಮತ್ತು ದಾಖಲೆ ಹುಡುಕಿ ಕೊಡುವ ಖರ್ಚನ್ನು ನೀವೇ ಕೊಡಬೇಕೆಂಬುದು 46.1ನೇ ನಿಯಮದ ಸಾಮಾನ್ಯ ಕ್ರಮ. ಕಂಪನಿ ನ್ಯಾಯವಿಲ್ಲದೆ ಅಡ್ಡಗಾಲು ಹಾಕಿದ್ದರೆ ಕೋರ್ಟು ಬೇರೆ ರೀತಿ ಆದೇಶಿಸಬಹುದು. ಹಾಗಾಗಿ ಅರ್ಜಿಯನ್ನು ಕೊನೆಯ ಹೆಜ್ಜೆಯಾಗಿ ಇಟ್ಟುಕೊಳ್ಳಿ. ಅದಕ್ಕೆ ಮೊದಲು ನಿರ್ಮಾಣ ವ್ಯಾಜ್ಯಗಳ ಪ್ರಿ-ಆ್ಯಕ್ಷನ್ ಪ್ರೋಟೊಕಾಲ್ ಪ್ರಕಾರ ಕ್ಲೇಮ್ ಪತ್ರ ಕಳಿಸಿ. ಅದು ತಲುಪಿದ್ದನ್ನು 14 ದಿನದೊಳಗೆ ಒಪ್ಪಿಕೊಂಡು, 28 ದಿನದೊಳಗೆ ಉತ್ತರ ಕೊಡುವುದು ಎದುರು ಪಕ್ಷದ ಕರ್ತವ್ಯ. ನಂತರ ಇಬ್ಬರೂ ಕೂತು ಮಾತಾಡುವ ಸಭೆಯೂ ಆಗಬೇಕು. ಈ ಹಂತದಲ್ಲೇ ಬಹಳಷ್ಟು ಕಾಗದ ಹೊರಬರುತ್ತದೆ. ಸ್ಥಳೀಯ ಕೌನ್ಸಿಲ್ ತಪಾಸಣೆ ಮಾಡಿದ್ದರೆ ಬಿಲ್ಡಿಂಗ್ ಕಂಟ್ರೋಲ್ ದಾಖಲೆಗಳನ್ನು ಅಲ್ಲೂ ಕೇಳಿ.

ಕಾಲಾವಧಿ ಮೀರಿತೆಂದು ಕಂಪನಿ ಹೇಳಿದರೆ ಒಪ್ಪಬೇಡಿ. ಮನೆ ವಾಸಯೋಗ್ಯವಾಗಿರಬೇಕೆಂಬ 1972ರ ಡಿಫೆಕ್ಟಿವ್ ಪ್ರಿಮಿಸಸ್ ಕಾಯ್ದೆಗೆ ಮೊದಲು 6 ವರ್ಷದ ಮಿತಿಯಿತ್ತು. ಲಂಡನ್ನಿನ ಗ್ರೆನ್‌ಫೆಲ್ ಗೋಪುರದ ಬೆಂಕಿಯಲ್ಲಿ 72 ಜನ ಸತ್ತ ಮೇಲೆ ಬಂದ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ, ಆ ವರ್ಷದ ಜೂನ್ 28ಕ್ಕೆ ಮೊದಲು ಮುಗಿದ ಮನೆಗಳಿಗೆ ಅದನ್ನು 30 ವರ್ಷಕ್ಕೆ ಏರಿಸಿತು, ಅದರ ನಂತರದವಕ್ಕೆ 15 ವರ್ಷ. ನಿಮ್ಮ ಮನೆ 30 ವರ್ಷದ ಲೆಕ್ಕಕ್ಕೆ ಬರುತ್ತದೆ. ವಾರಂಟಿ ಮುಗಿದರೂ ಈ ಹಕ್ಕು ಮುಗಿದಿಲ್ಲ.

ಪ್ರಶ್ನೆ: ನಾನು ಗುತ್ತಿಗೆದಾರ. ಸರ್ಕಾರಿ ಹಾಸ್ಟೆಲ್ ಕಟ್ಟಡ ಕಟ್ಟಿ ಮುಗಿಸಿದೆ. ಅಡಿಪಾಯದಲ್ಲಿ ಬಂಡೆ ಸಿಕ್ಕಿ ಹೆಚ್ಚುವರಿ ಕೆಲಸ ಮಾಡಿದ್ದೇನೆ. ಫೈನಲ್ ಬಿಲ್‌ನಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಎಂ.ಬಿ.ಯಲ್ಲಿ ಅಳತೆ ಬರೆದದ್ದನ್ನು ನಾನೇ ನೋಡಿದ್ದೇನೆ, ಈಗ ಅದರ ನಕಲು ಕೊಡುತ್ತಿಲ್ಲ. ಏನು ಮಾಡಲಿ?
— ಗುತ್ತಿಗೆದಾರರು, ಕೊಪ್ಪಳ

ಉತ್ತರ: ನಿಮ್ಮ ಎದುರಾಳಿ ಸರ್ಕಾರ. ಹಾಗಾಗಿ ನಿಮಗಿರುವ ಸಾಧನ ಖಾಸಗಿಯವರ ಎದುರು ನಿಂತವರಿಗಿಲ್ಲ. ಎಂ.ಬಿ., ಅಂದರೆ ಮಾಪನ ಪುಸ್ತಕ, ಸರ್ಕಾರಿ ದಾಖಲೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದರ ದೃಢೀಕೃತ ನಕಲು ಕೇಳಿ. ಅರ್ಜಿಯನ್ನು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಹಾಕದೆ ನಿಮ್ಮ ಸ್ವಂತ ಹೆಸರಿನಲ್ಲಿ ಹಾಕಿ, ಏಕೆಂದರೆ ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ, 10 ರೂಪಾಯಿ ಶುಲ್ಕ. ಎಂ.ಬಿ. ಸಂಖ್ಯೆ, ಪುಟ ಸಂಖ್ಯೆ ಗೊತ್ತಿದ್ದರೆ ಬರೆಯಿರಿ. ಬಿಲ್‌ಗೆ ಸಂಬಂಧಿಸಿದ ಟಿಪ್ಪಣಿ ಹಾಳೆಗಳಿಗೆ ಬೇರೆ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ.

ಕಾಯ್ದೆಯ 2(ಜೆ) ಕಲಮನ್ನೂ ನೆನಪಿಡಿ. ಕಾಗದದ ನಕಲಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ.

ಇದರ ಜೊತೆಗೇ ಮುಂದಿನ ದಾರಿ ಸಿದ್ಧಮಾಡಿಕೊಳ್ಳಿ. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸ್ ಕೊಡಬೇಕು. ಕಟ್ಟಡ ಗುತ್ತಿಗೆಯ ವ್ಯಾಜ್ಯ 3 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟಿದ್ದರೆ ಅದು ವಾಣಿಜ್ಯ ನ್ಯಾಯಾಲಯದ್ದು. ತುರ್ತು ಮಧ್ಯಂತರ ಪರಿಹಾರ ಕೇಳದ ದಾವೆಗೆ ಮೊದಲು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನ ಮಧ್ಯಸ್ಥಿಕೆ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಹೇಳಿದೆ. ಇದನ್ನು ಬರಿಯ ವಿಧಿಯೆಂದು ಕಾಣಬೇಡಿ. ಎಂ.ಬಿ. ಪುಟ ಮೇಜಿನ ಮೇಲಿದ್ದರೆ ಅಲ್ಲೇ ಹಣ ಇತ್ಯರ್ಥವಾಗುವ ಸಾಧ್ಯತೆ ಇದೆ. ಆ ಮಧ್ಯಸ್ಥಿಕೆಯ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಡುತ್ತಾರೆ.

ನಿಮ್ಮ ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತಿದ್ದರೆ ದಾರಿ ಬೇರೆ. 1996ರ ಆರ್ಬಿಟ್ರೇಷನ್ ಕಾಯ್ದೆಯ 9ನೇ ಕಲಮಿನಂತೆ ಆರ್ಬಿಟ್ರೇಷನ್ ಶುರುವಾಗುವ ಮೊದಲೇ ಕೋರ್ಟಿಗೆ ಹೋಗಿ, ಜಗಳಕ್ಕೆ ಸಂಬಂಧಿಸಿದ ವಸ್ತುಗಳ ಸಂರಕ್ಷಣೆ ಮತ್ತು ಪರಿಶೀಲನೆಗೆ ಆದೇಶ ಕೇಳಬಹುದು. ಆದೇಶ ಸಿಕ್ಕರೆ 90 ದಿನದೊಳಗೆ ಆರ್ಬಿಟ್ರೇಷನ್ ಶುರುಮಾಡಬೇಕು. ಎಂ.ಬಿ. ತಿದ್ದುವ ಅಥವಾ ಕಾಣೆಯಾಗುವ ಭಯ ನಿಜವಾಗಿದ್ದರೆ ಈ ದಾರಿಯನ್ನು ವಕೀಲರೊಂದಿಗೆ ಕೂಡಲೇ ಚರ್ಚಿಸಿ.

ಪ್ರಶ್ನೆ: ಸ್ವಂತ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೆ. ಮೇಸ್ತ್ರಿ ಮೊದಲ ಅಂತಸ್ತಿನ ಮೋಲ್ಡ್ ಹಾಕಿ ಕೆಲಸ ಬಿಟ್ಟುಹೋದರು. ಈಗ ಸ್ಲ್ಯಾಬ್ ಸೋರುತ್ತಿದೆ, ಕಬ್ಬಿಣ ಕಾಣುತ್ತಿದೆ. ಬರೆದ ಕರಾರಿಲ್ಲ. ಲೆಕ್ಕದ ಪುಸ್ತಕ ಅವರ ಬಳಿಯೇ ಇದೆ. ಹಣ ಕೊಟ್ಟದ್ದು ಕೆಲವು ಸಲ ಫೋನ್‌ಪೇ, ಕೆಲವು ಸಲ ಕೈಯಲ್ಲಿ. ಬೇರೆಯವರಿಂದ ಸರಿಮಾಡಿಸಿ ನಂತರ ಕೇಸು ಹಾಕಲೇ?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಅಮ್ಮ, ಸರಿಮಾಡಿಸುವ ಮುನ್ನ ದಯವಿಟ್ಟು ಸ್ವಲ್ಪ ತಡೆಯಿರಿ. ನಿಮ್ಮ ಮುಖ್ಯ ಸಾಕ್ಷ್ಯ ಮೇಸ್ತ್ರಿಯ ಪುಸ್ತಕದಲ್ಲಿಲ್ಲ, ಆ ಸ್ಲ್ಯಾಬಿನಲ್ಲೇ ಇದೆ. ಅದರ ಮೇಲೆ ಪ್ಲಾಸ್ಟರ್ ಬಿದ್ದರೆ ಸಾಕ್ಷ್ಯ ಮುಚ್ಚಿಹೋಗುತ್ತದೆ. ಜೀವಕ್ಕೆ ಅಪಾಯವಿದ್ದರೆ ಊರುಗೋಲು ಕೊಟ್ಟು ನಿಲ್ಲಿಸಿ, ಅದಕ್ಕಿಂತ ಹೆಚ್ಚಿನ ಕೆಲಸ ಈಗ ಬೇಡ.

ಒಬ್ಬ ಸಿವಿಲ್ ಎಂಜಿನಿಯರನ್ನು ಕರೆಸಿ. ಕಬ್ಬಿಣದ ಮೇಲಿನ ಕಾಂಕ್ರೀಟ್ ಹೊದಿಕೆ ಎಷ್ಟು ಮಿಲಿಮೀಟರ್ ಇದೆ, ಸರಳುಗಳ ನಡುವಿನ ಅಂತರವೆಷ್ಟು, ರಿಬೌಂಡ್ ಹ್ಯಾಮರ್ ಪರೀಕ್ಷೆಯ ಅಂಕಿ ಎಷ್ಟು ಎಂಬುದು ಅಳತೆಪಟ್ಟಿ ಕಾಣುವ ಫೋಟೊಗಳ ಸಮೇತ ವರದಿಯಲ್ಲಿ ಬರಲಿ. ಪರೀಕ್ಷೆಯ ದಿನ ಮತ್ತು ವೇಳೆಯನ್ನು ಮೇಸ್ತ್ರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಮೊದಲೇ ತಿಳಿಸಿ, ಬಂದು ನೋಡಲು ಹೇಳಿ. ಬಾರದಿದ್ದರೂ, ‘ನನಗೆ ಗೊತ್ತಿಲ್ಲದೆ ಮಾಡಿದರು’ ಎಂಬ ಮಾತಿಗೆ ಮುಂದೆ ಜಾಗವಿರುವುದಿಲ್ಲ. ಅದೇ ಪತ್ರದಲ್ಲಿ ಲೆಕ್ಕದ ಪುಸ್ತಕ, ಸಿಮೆಂಟು ಕಬ್ಬಿಣದ ಬಿಲ್ಲುಗಳನ್ನು ಕೇಳಿ, ಅವನ್ನು ಕಾದಿಡಬೇಕೆಂದೂ ಬರೆಯಿರಿ.

ಬರೆದ ಕರಾರಿಲ್ಲ ಎಂದು ಕುಗ್ಗಬೇಡಿ. ಬಾಯಿಮಾತಿನ ಕರಾರೂ ಕರಾರೇ. ಫೋನ್‌ಪೇ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸ್‌ಆ್ಯಪ್ ಸಂದೇಶ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸಂದೇಶಗಳಿರುವ ಫೋನನ್ನು ಬದಲಿಸಬೇಡಿ, ಏನನ್ನೂ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಅದನ್ನು ವಕೀಲರು ಸಿದ್ಧಪಡಿಸುತ್ತಾರೆ.

ದೂರನ್ನು ಗ್ರಾಹಕ ಆಯೋಗದಲ್ಲಿ ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ‘ಸೇವೆ’. ದಾಖಲೆ ತರಿಸಿಕೊಳ್ಳುವ ಅಧಿಕಾರ ಆಯೋಗಕ್ಕೂ ಇದೆ. ಅಲ್ಲಿ ಮಿತಿ 2 ವರ್ಷ, ಕರಾರು ಮುರಿದದ್ದಕ್ಕೆ ಸಿವಿಲ್ ಕೋರ್ಟಿನಲ್ಲಾದರೆ 3 ವರ್ಷ. ಕಾಗದ ಕೇಳಿ ಪತ್ರ ಬರೆದ ಮಾತ್ರಕ್ಕೆ ಈ ಗಡಿಯಾರ ನಿಲ್ಲುವುದಿಲ್ಲ. ಹಕ್ಕನ್ನು ಸಾಬೀತುಪಡಿಸಲು ಬೇಕಾದ ದಾಖಲೆಯನ್ನು ಎದುರು ಪಕ್ಷ ಮೋಸದಿಂದ ಬಚ್ಚಿಟ್ಟಿದ್ದರೆ ಮಾತ್ರ ಕಾಲಮಿತಿ ಕಾಯ್ದೆಯ 17ನೇ ಕಲಮು ರಿಯಾಯಿತಿ ಕೊಡುತ್ತದೆ. ಮೋಸವನ್ನು ತೋರಿಸುವ ಹೊರೆ ನಿಮ್ಮದೇ ಆಗುತ್ತದೆ, ಅದನ್ನು ನಂಬಿ ಕೂರಬೇಡಿ. ಎಂಜಿನಿಯರ್ ವರದಿ ಕೈಗೆ ಬಂದ ಕೂಡಲೇ ದೂರು ದಾಖಲಾಗಲಿ.

ಪ್ರಶ್ನೆ: ನಾನು ಸಣ್ಣ ಬಿಲ್ಡರ್. ನಮ್ಮಲ್ಲಿ ಮನೆ ಕೊಂಡವರ ವಕೀಲರು ಇಪ್ಪತ್ತು ಬಗೆಯ ದಾಖಲೆ ಕೇಳಿ ನೋಟಿಸ್ ಕಳಿಸಿದ್ದಾರೆ. ಕೊಟ್ಟರೆ ನಮ್ಮ ಮೇಲೆಯೇ ತಿರುಗಿಸುತ್ತಾರೆ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಕೊಡಲೇಬೇಕೇ?
— ಓದುಗರು, ಮೈಸೂರು

ಉತ್ತರ: ಎಲ್ಲವನ್ನೂ ಕೊಡಬೇಕಿಲ್ಲ. ನಿಮ್ಮ ವಕೀಲರೊಂದಿಗೆ ನಡೆಸಿದ ಸಮಾಲೋಚನೆಗೆ ಕಾನೂನಿನ ರಕ್ಷಣೆಯಿದೆ. ಬೇರೆ ಗ್ರಾಹಕರ ಆಧಾರ್, ಬ್ಯಾಂಕ್ ವಿವರಗಳನ್ನು ಹಂಚುವಂತಿಲ್ಲ. ದೋಷಕ್ಕೆ ಸಂಬಂಧವಿಲ್ಲದ ಲೆಕ್ಕಪತ್ರವನ್ನು ಪ್ರಾಧಿಕಾರವೋ ಕೋರ್ಟೋ ಕೇಳಿದಾಗ ನೋಡಬಹುದು. ಆದರೆ ಮಂಜೂರಾತಿ ನಕ್ಷೆ, ಓಸಿ, ಸಾಮಾನ್ಯ ಪ್ರದೇಶಗಳ ನಕ್ಷೆ ಮತ್ತು ದಾಖಲೆಗಳನ್ನು ಕೊಳ್ಳುಗರಿಗೆ ಕೊಡುವುದು ರೇರಾ ನಿಮ್ಮ ಮೇಲೆ ಹೊರಿಸಿದ ಹೊಣೆ. ಅದಕ್ಕೆ ನೋಟಿಸ್ ಬರುವವರೆಗೆ ಕಾಯುವುದೇ ತಪ್ಪು.

ಬಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ನಿಮ್ಮ ಗೆಳೆಯರು ಹೇಳಿಲ್ಲ. ಒಬ್ಬರ ಬಳಿಯಿರುವ ದಾಖಲೆಯನ್ನು ಅವರು ಹಾಜರುಪಡಿಸದಿದ್ದರೆ, ಅದು ಅವರಿಗೇ ವಿರುದ್ಧವಾಗಿತ್ತು ಎಂದು ಕೋರ್ಟು ಊಹಿಸಬಹುದು. ಸಾಕ್ಷ್ಯ ಅಧಿನಿಯಮದ 119ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಕೋರ್ಟಿನ ಮುಂದೆ ಹಾಜರುಪಡಿಸಬೇಕಾದ ದಾಖಲೆಯನ್ನು ತಪ್ಪಿಸಲೆಂದು ನಾಶಮಾಡುವುದು ಅಪರಾಧ. ನಿಮ್ಮ ಕ್ಯೂಬ್ ಪರೀಕ್ಷೆ ಸರಿಯಿದ್ದು, ಸೋರಿಕೆಗೆ ಮನೆಯವರು ನಂತರ ಕೊರೆಸಿದ ಪೈಪು ಕಾರಣವಾಗಿದ್ದರೆ, ಆ ವರದಿ ನಿಮ್ಮನ್ನೇ ಉಳಿಸುತ್ತದೆ. ಸರಿಯಿಲ್ಲದಿದ್ದರೆ ಈಗ ರಿಪೇರಿ ಮಾಡಿಕೊಡುವ ಖರ್ಚು, ಮೂರು ವರ್ಷ ವ್ಯಾಜ್ಯ ನಡೆಸಿ ಬಡ್ಡಿ ಸಮೇತ ಪರಿಹಾರ ಕೊಡುವುದಕ್ಕಿಂತ ಕಡಿಮೆಯೇ.

ಕೇಳಿದ ಇಪ್ಪತ್ತನ್ನೂ ಪಟ್ಟಿಮಾಡಿ, ಪ್ರತಿಯೊಂದರ ಎದುರು ‘ಲಗತ್ತಿಸಿದೆ’, ‘ನಮ್ಮ ಬಳಿ ಇಲ್ಲ’, ‘ಇಂಥ ಕಾರಣಕ್ಕೆ ಕೊಡಲಾಗದು’ ಎಂದು ಬರೆದು, ನಿಮ್ಮ ಎಂಜಿನಿಯರ್ ಜೊತೆ ಸ್ಥಳ ಪರಿಶೀಲನೆಗೆ ಒಂದು ದಿನ ಗೊತ್ತುಮಾಡಿ ಉತ್ತರ ಕಳಿಸಿ. ನಿಮ್ಮ ಎಂಜಿನಿಯರೂ ಅವರ ಎಂಜಿನಿಯರೂ ಒಂದೇ ಡ್ರಾಯಿಂಗ್ ಹಿಡಿದು ಆ ಗೋಡೆಯ ಮುಂದೆ ನಿಂತರೆ, ನಿಮ್ಮ ತಕರಾರು ಅಲ್ಲಿಯೇ ಮುಗಿಯುವ ಅವಕಾಶ ಹೆಚ್ಚು.